‘ಎಲ್ಲ’ದೊಳಗೆ ‘ಇಲ್ಲ’ವೋ, ‘ಇಲ್ಲ’ದೊಳಗೆ ‘ಎಲ್ಲ’ವೋ?

"ವಾಕ್ಯ ತುಂಬ ಸಿಂಪಲ್ ಸರ್, ಲಾಜಿಕ್‌ಗೆ ಹಾಕಿಬಿಡಿ ಅಷ್ಟೇ" ಎಂದು ಯಾರಾದರೂ ಅಂದರೆ, ಈ ವಾರದ ಕತೆ ಮುಗಿಯಿತು ಅಂದುಕೊಳ್ಳುತ್ತೇನೆ. ಕನ್ನಡದಲ್ಲಿರುವ ನಿಯಮಗಳನ್ನು ಓದಿ ಅರ್ಜಿ ಪರಿಶೀಲಿಸುವ ತಂತ್ರಾಂಶ ಕಟ್ಟುವುದು ನನ್ನ ಕಸುಬು. ನಿಯಮವನ್ನು ತರ್ಕಸೂತ್ರವಾಗಿ ಬರೆದುಕೊಂಡರೆ ಯಂತ್ರ ಅದರಿಂದ ತೀರ್ಮಾನಕ್ಕೆ ಬರುತ್ತದೆ. ಇದು ಗ್ರಾಹಕರಿಗೆ ಬೇಗ ಅರ್ಥವಾಗುತ್ತದೆ. ತಲೆಗೆ ಹೋಗದಿರುವುದು ಒಂದೇ: ಪದಗಳ ಅರ್ಥದಲ್ಲಿ ಎಳ್ಳಷ್ಟೂ ಗೊಂದಲವಿಲ್ಲದ ವಾಕ್ಯಕ್ಕೂ ಎರಡು ಸೂತ್ರಗಳಿರಬಹುದು.

ಸಾಲ ಕೊಡುವ ಸಂಸ್ಥೆಯೊಂದರ ನಿಯಮ ಹೀಗಿತ್ತು: ‘ಎಲ್ಲ ದಾಖಲೆಗಳನ್ನು ಸಲ್ಲಿಸದವರ ಅರ್ಜಿಯನ್ನು ತಿರಸ್ಕರಿಸಲಾಗುವುದು.’ ಬೇಕಾದ ದಾಖಲೆ ಐದು. ಒಬ್ಬ ರೈತ ನಾಲ್ಕನ್ನು ಕೊಟ್ಟು ಪಹಣಿ ಬಿಟ್ಟಿದ್ದಾನೆ ಅನ್ನಿ. ‘ಎಲ್ಲವನ್ನೂ ಸಲ್ಲಿಸಿದ್ದಾನೆ ಎಂಬುದು ನಿಜವಲ್ಲ’ ಎಂದು ಓದಿದರೆ ಅರ್ಜಿ ಬಿತ್ತು. ‘ಪ್ರತಿಯೊಂದು ದಾಖಲೆಯನ್ನು ತೆಗೆದುಕೊಂಡರೂ ಅದನ್ನು ಸಲ್ಲಿಸಿಲ್ಲ’ ಎಂದು ಓದಿದರೆ ಆತನಿಗೆ ನಿಯಮ ಅನ್ವಯಿಸುವುದೇ ಇಲ್ಲ. ಐದರಲ್ಲಿ ಒಂದನ್ನೂ ಕೊಡದವನು ಮಾತ್ರ ಸಿಕ್ಕಿಬೀಳುತ್ತಾನೆ. ಮೊದಲನೆಯದರಲ್ಲಿ ‘ಎಲ್ಲ’ ನಿಷೇಧದ, ಅಂದರೆ ‘ಇಲ್ಲ’ ಎನ್ನುವುದರ, ಹಿಡಿತದಲ್ಲಿದೆ, ಎರಡನೆಯದರಲ್ಲಿ ನಿಷೇಧವೇ ‘ಎಲ್ಲ’ದ ಒಳಗೆ ಕೂತಿದೆ. ಯಾವ ಪದದ ಹಿಡಿತ ಎಲ್ಲಿಯವರೆಗೆ ಎನ್ನುವ ಇದನ್ನು ನಮ್ಮ ಕಸುಬಿನವರು ವ್ಯಾಪ್ತಿ ಅನ್ನುತ್ತಾರೆ.

"ಯಾರಾದರೂ ಹಾಗೆ ಓದುತ್ತಾರಾ ಸರ್? ಕಾಮನ್ ಸೆನ್ಸ್ ಅಲ್ವಾ?" ಎಂದರು ಆ ಸಂಸ್ಥೆಯ ಮ್ಯಾನೇಜರ್. ಓದುವುದಿಲ್ಲ, ನಿಜ. ಸಾಲ ಕೊಡುವವರ ಲೆಕ್ಕಾಚಾರ ನಮಗೆ ಗೊತ್ತಿರುವುದರಿಂದ ಎರಡನೆಯ ಅರ್ಥವನ್ನು ಗಮನಿಸದೆಯೇ ದಾಟಿಬಿಡುತ್ತೇವೆ. ಆ ಲೆಕ್ಕಾಚಾರ ವಾಕ್ಯದೊಳಗೆ ಎಲ್ಲಿದೆ ತೋರಿಸಿ ಎಂದೆ. ಅವರು ಒಳ್ಳೆಯ ಮನುಷ್ಯ, ಕಾಫಿ ತರಿಸಿದರು. ಆಮೇಲೆ ಇನ್ನೂ ದೊಡ್ಡ ನಿಘಂಟು ಕೊಡಿಸುತ್ತೇನೆ ಎಂದರು! ‘ಎಲ್ಲ’ಕ್ಕೂ ‘ಇಲ್ಲ’ಕ್ಕೂ ನಿಘಂಟಿನಲ್ಲಿ ಅರ್ಥವಿದೆ, ಯಾವುದು ಯಾವುದರ ಒಳಗೆ ಕೂರಬೇಕು ಎನ್ನುವುದು ಇಲ್ಲ.

ಪದಗಳು ಬರುವ ಸರದಿಯನ್ನೇ ಹಿಡಿದು ಹೋದರಾಯಿತಲ್ಲ ಎನ್ನುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಭಾಷಾ ಸಂಶೋಧಕರಾದ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ. ‘ಎರಡು ಪುಸ್ತಕ ಓದಲಿಲ್ಲ’ ಎಂಬ ಬಗೆಯ ವಾಕ್ಯಗಳನ್ನು ಅವರು ಕನ್ನಡದ ನಾಲ್ಕು ವರ್ಷದ ಮಕ್ಕಳ ಮುಂದಿಟ್ಟರು. ಓದಿದ್ದು ಎರಡಲ್ಲ ಎಂದೂ ಆಗಬಹುದು, ಓದದೆ ಉಳಿದ ಪುಸ್ತಕಗಳು ಎರಡಿವೆ ಎಂದೂ ಆಗಬಹುದು. ದೊಡ್ಡವರಿಗೆ ಎರಡೂ ಸರಿ. ಕನ್ನಡದಲ್ಲಿ ‘ಎರಡು’ ಮೊದಲು ಕಿವಿಗೆ ಬೀಳುತ್ತದೆ, ‘ಇಲ್ಲ’ ಕೊನೆಗೆ. ಸರದಿಯೇ ಮುಖ್ಯವಾಗಿದ್ದರೆ ಮಕ್ಕಳು ಎರಡನೆಯ ಅರ್ಥ ಹಿಡಿಯಬೇಕಿತ್ತು. ಅವರು ಹೆಚ್ಚಾಗಿ ಹಿಡಿದದ್ದು ಮೊದಲನೆಯದನ್ನು, ಇಂಗ್ಲಿಷ್ ಮಕ್ಕಳ ಹಾಗೆಯೇ. ಅಂದರೆ ಕೆಲಸ ಮಾಡುತ್ತಿರುವುದು ವಾಕ್ಯದ ಒಳರಚನೆ.

ಸೂತ್ರದಲ್ಲಿ ಗೊಂದಲಕ್ಕೆ ಜಾಗವಿಲ್ಲದಂತೆ ಬರೆಯುವ ದಾರಿಯನ್ನು ಜರ್ಮನಿಯ ತರ್ಕಶಾಸ್ತ್ರಜ್ಞ ಫ್ರೇಗೆ 1879ರಲ್ಲೇ ತೋರಿಸಿದ. ಒಂದೇ ವಾಕ್ಯದಿಂದ ಎರಡೂ ಸೂತ್ರಗಳನ್ನು ನಿಯಮಬದ್ಧವಾಗಿ ಹೊರಡಿಸುವುದನ್ನು ಅಮೆರಿಕದ ತರ್ಕಶಾಸ್ತ್ರಜ್ಞ ರಿಚರ್ಡ್ ಮಾಂಟೆಗ್ಯೂ ತೋರಿಸಿದ. ಆ ಲೇಖನ ಅಚ್ಚಾದದ್ದು 1973ರಲ್ಲಿ, ಅವನು ತೀರಿಕೊಂಡ ಮೇಲೆ. ಹೊರಡಿಸುವುದು ಕಷ್ಟವಲ್ಲ. ಆರಿಸುವುದು ಕಷ್ಟ. ಅದಕ್ಕೇ ಈಗ ಅನೇಕರು ವ್ಯಾಪ್ತಿಯನ್ನು ತೀರ್ಮಾನಿಸದೆ ತೆರೆದಿಟ್ಟು, ಬೇಕಾದಾಗ ಬಿಗಿಯುತ್ತಾರೆ. ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ದೊಡ್ಡ ಭಾಷಾ ಮಾದರಿಗಳು ಬಂದ ಮೇಲೆ ಇದೆಲ್ಲ ಯಾಕೆ ಎಂದು ಕೇಳುತ್ತಾರೆ. ಅವು ಬಹಳ ಸಲ ಸರಿಯಾದ ಅರ್ಥವನ್ನೇ ಆರಿಸಬಹುದು, ಅಲ್ಲಗಳೆಯುವುದಿಲ್ಲ. ಆದರೆ ಆರಿಸಿದೆ ಎಂಬುದನ್ನೇ ಹೇಳದೆ ಮುಂದೆ ಹೋದರೆ, ಅರ್ಜಿ ಬಿದ್ದ ರೈತನಿಗೆ ಕಾರಣ ಕೊಡುವವರು ಯಾರು?

ಹಾಗಾಗಿ ನಾನೀಗ ನಿಯಮದ ಜೊತೆಗೆ ಒಂದು ಪ್ರಕರಣವನ್ನೂ ಬರೆಸಿಕೊಳ್ಳುತ್ತೇನೆ: ನಾಲ್ಕು ದಾಖಲೆ ಬಂದಿದೆ, ಒಂದಿಲ್ಲ, ಅರ್ಜಿ ಏನಾಗಬೇಕು? ಉತ್ತರದ ಕೆಳಗೆ ಜವಾಬ್ದಾರಿ ಇರುವವರ ಸಹಿ ಬೇಕು. ಅದೇ ಸಂಸ್ಥೆಯ ಇನ್ನೊಂದು ನಿಯಮ, ‘ಪ್ರತಿ ಸಾಲಗಾರನಿಗೂ ಒಬ್ಬ ಜಾಮೀನುದಾರ ಇರಬೇಕು’, ಬಂದಾಗ, ಊರಿಗೆಲ್ಲ ಒಬ್ಬನೇ ಜಾಮೀನು ನಿಂತರೆ ನಡೆಯುತ್ತದೆಯೇ ಎಂದು ಬರೆದು ಕಳಿಸಿದೆ. ಮ್ಯಾನೇಜರ್ ನಕ್ಕು, ಕಡತವನ್ನು ಕಾನೂನು ವಿಭಾಗಕ್ಕೆ ದಾಟಿಸಿದರು.