ವಿತಂಡವಾದ: ತನ್ನ ಪಕ್ಷವನ್ನು ಹೇಳದವನ ವಾದ

ಹಠ ಹಿಡಿದು ವಾದಿಸುವವರನ್ನೆಲ್ಲ ನಾವು ವಿತಂಡವಾದಿಗಳೆಂದು ಕರೆಯುತ್ತೇವೆ. ಪ್ರಾಚೀನ ಭಾರತದ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದಲ್ಲಿ ಈ ಪದದ ಅರ್ಥ ಇನ್ನಷ್ಟು ಖಚಿತವಾದದ್ದು. ಜಾಲತಾಣದ ಚರ್ಚೆಗಳಲ್ಲಿ ಯಾರಿಗೆ ಉತ್ತರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸಲು ಆ ಅರ್ಥವನ್ನು ತಿಳಿದಿರಬೇಕೆಂದು ನಾನು ಭಾವಿಸುತ್ತೇನೆ.

ಈ ಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರಗಳ ಪ್ರಕಾರ ಪ್ರಮಾಣ (ಸರಿಯಾದ ತಿಳಿವಿನ ಸಾಧನ) ಮತ್ತು ತರ್ಕಗಳಿಂದ ಸತ್ಯವನ್ನು ಅರಸುವುದು ವಾದ; ಗೆಲ್ಲುವುದಕ್ಕಾಗಿ ಮಾತಿನ ಅರ್ಥವನ್ನು ತಿರುಚುವುದಕ್ಕೂ ಹಿಂಜರಿಯದಿರುವುದು ಜಲ್ಪ; ಆ ಜಲ್ಪದಲ್ಲಿಯೂ ತನ್ನ ಪಕ್ಷವನ್ನು, ಎಂದರೆ ನಿಲುವನ್ನು, ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಕೆಡಹುವುದಷ್ಟನ್ನೇ ಮಾಡಿದರೆ ಅದು ವಿತಂಡಾ. ಬೆಂಗಳೂರಿನ ಮನೆಗಳಿಗೆ ಮಳೆನೀರು ಕೊಯ್ಲು ಬೇಕೆಂದು ಒಬ್ಬರು ಬರೆದರೆನ್ನೋಣ. ಅದಕ್ಕೆ ಆಧಾರ ಕೇಳಿದ ಇನ್ನೊಬ್ಬರು, ಆಧಾರ ಕೊಟ್ಟಾಗ ಅದನ್ನು ಸಿದ್ಧಪಡಿಸಿದವರ ಉದ್ದೇಶವನ್ನು ಶಂಕಿಸಿ, ಅದಕ್ಕೂ ಉತ್ತರ ಬಂದಾಗ ಕಾವೇರಿ ನೀರಿನ ದರಕ್ಕೆ ಹೊರಳಿ, ಕೊನೆಗೆ ‘ನಿಮ್ಮ ಸಲಹೆ ಏನು?’ ಎಂದರೆ ‘ಅದನ್ನು ಹೇಳುವುದು ನನ್ನ ಕೆಲಸವಲ್ಲ’ ಎನ್ನುತ್ತಾರೆ. ಇದು ವಿತಂಡಾ.

ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಇದಕ್ಕೆ ಉಪಾಯವನ್ನೂ ಸೂಚಿಸಿದ್ದಾನೆ: ಅಂಥವನನ್ನು ಅವನ ಪ್ರಯೋಜನವೇನೆಂದು, ಎಂದರೆ ವಾದದ ಉದ್ದೇಶವೇನೆಂದು ಕೇಳಬೇಕು. ಹೇಳಿದರೆ ಅದೇ ಅವನ ಪಕ್ಷವಾಗಿ ವಿತಂಡಿತನ ಕಳಚುತ್ತದೆ. ಹೇಳದಿದ್ದರೆ ಅವನು ಲೌಕಿಕನೂ (ಸಾಮಾನ್ಯ ಜನರಲ್ಲೊಬ್ಬನೂ) ಅಲ್ಲ, ಪರೀಕ್ಷಕನೂ (ತರ್ಕದಿಂದ ವಿಚಾರಿಸುವವನೂ) ಅಲ್ಲ. ಈ ಪ್ರಶ್ನೆಯ ದೊಡ್ಡ ಗುಣವೆಂದರೆ, ಗೊಂದಲದಲ್ಲಿರುವವರನ್ನು ಅದು ಅವಮಾನಿಸುವುದಿಲ್ಲ. ಅವರು ತಡವರಿಸಿಯಾದರೂ ತಮಗೆ ತೋಚಿದ್ದನ್ನು ಹೇಳುತ್ತಾರೆ, ಅಲ್ಲಿಂದ ಮಾತು ಮುಂದುವರಿಯುತ್ತದೆ. ಎಷ್ಟೋ ಜಗಳಗಳು ಒಂದೇ ಪದವನ್ನು ಇಬ್ಬರು ಎರಡು ಅರ್ಥದಲ್ಲಿ ಹಿಡಿದುದರಿಂದ ಹುಟ್ಟಿದವು. ಸಂಸ್ಕೃತದ ‘ನವ’ ಪದಕ್ಕೆ ಹೊಸತು, ಒಂಬತ್ತು ಎಂಬ ಎರಡೂ ಅರ್ಥಗಳಿವೆ; ‘ನವಕಂಬಳ’ ಉಳ್ಳವನೆಂದರೆ ಹೊಸ ಕಂಬಳಿ ಉಳ್ಳವನೆಂದು ತಿಳಿಯದೆ, ‘ಒಂಬತ್ತು ಎಲ್ಲಿವೆ?’ ಎಂದು ಕೇಳುವುದು ಶಾಸ್ತ್ರದಲ್ಲಿ ವಾಕ್‌ಛಲದ, ಎಂದರೆ ಪದದ ಬೇರೆ ಅರ್ಥ ಹಿಡಿದು ಆಕ್ಷೇಪಿಸುವುದರ, ಪ್ರಸಿದ್ಧ ಉದಾಹರಣೆ. ಅದು ಕುತಂತ್ರವೋ ತಪ್ಪು ತಿಳಿವಳಿಕೆಯೋ ಎಂದು ಊಹಿಸುವ ಬದಲು ಉದ್ದೇಶಿಸಿದ ಅರ್ಥವನ್ನು ಒಮ್ಮೆ ಬಿಡಿಸಿ ಹೇಳುವುದೇ ಸರಿಯಾದ ಕ್ರಮ.

ಆಯುರ್ವೇದದ ಪ್ರಾಚೀನ ಗ್ರಂಥವಾದ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗದ 8ನೆಯ ಅಧ್ಯಾಯವು ವೈದ್ಯರ ಚರ್ಚೆಯನ್ನು ಸ್ನೇಹದ ಸಂಧಾಯ ಸಂಭಾಷೆ ಮತ್ತು ವಿರೋಧದ ವಿಗೃಹ್ಯ ಸಂಭಾಷೆ ಎಂದು ವಿಂಗಡಿಸುತ್ತದೆ. ಮೊದಲನೆಯದರಲ್ಲಿ ಸೋಲಿಗೆ ಅಂಜಬಾರದು, ಗೆದ್ದರೆ ಹಿಗ್ಗಬಾರದು, ಇತರರ ಮುಂದೆ ಕೊಚ್ಚಿಕೊಳ್ಳಬಾರದು. ಎರಡನೆಯದಕ್ಕೆ ಇಳಿಯುವ ಮೊದಲು ಎದುರಾಳಿಯನ್ನಷ್ಟೇ ಅಲ್ಲದೆ ಪರಿಷತ್ತನ್ನೂ, ಎಂದರೆ ಕೇಳುವ ಸಭೆಯನ್ನೂ ಅಳೆಯಬೇಕು. ಇಂದು ಆ ಸಭೆ, ಏನೂ ಬರೆಯದೆ ಓದುತ್ತಿರುವ ಜನ. ಅವರಿನ್ನೂ ತೀರ್ಮಾನಿಸಿಲ್ಲವಾದರೆ ನಮ್ಮ ಪಕ್ಷವನ್ನೂ ಆಧಾರವನ್ನೂ ಸ್ಪಷ್ಟವಾಗಿ ಬರೆಯುವುದು ಸಾರ್ಥಕ. ಸಭೆಯೇ ನಮ್ಮ ಮೇಲೆ ಹಗೆ ಸಾಧಿಸುತ್ತಿದ್ದರೆ, ಅದು ಪಂಡಿತರದಾಗಿರಲಿ ಮೂಢರದಾಗಿರಲಿ, ಅಲ್ಲಿ ಯಾರೊಡನೆಯೂ ಜಲ್ಪಕ್ಕಿಳಿಯಬಾರದೆಂದು ಚರಕ ವಿಧಿಸುತ್ತಾನೆ.