ಮಾತಿನಲ್ಲಿ ಪದಗಳ ನಡುವೆ ಜಾಗವಿಲ್ಲ

2002ರ ಆಸ್ಕರ್ ನಮ್ಮಲ್ಲಿ ಬಹಳ ಜನರಿಗೆ ಇನ್ನೂ ನೆನಪಿದೆ. ‘ಲಗಾನ್’ಗೆ ಬರಬಹುದೆಂದು ಕಾದಿದ್ದ ಪ್ರಶಸ್ತಿ ಬೋಸ್ನಿಯಾದ ದಾನಿಸ್ ತಾನೊವಿಚ್ ಅವರ ‘ನೋ ಮ್ಯಾನ್ಸ್ ಲ್ಯಾಂಡ್’ ಪಾಲಾಯಿತು. ನಮ್ಮದನ್ನು ಸೋಲಿಸಿದ್ದು ಯಾವುದಪ್ಪಾ ಎಂದು ಆ ಚಿತ್ರ ನೋಡಲು ಕೂತವನು ನಾನು. ಒಬ್ಬ ಬೋಸ್ನಿಯಾಕ್, ಅಂದರೆ ಬೋಸ್ನಿಯಾದ ಮುಸ್ಲಿಂ, ಇನ್ನೊಬ್ಬ ಸರ್ಬ್. ಇಬ್ಬರು ಶತ್ರು ಸೈನಿಕರು ಒಂದೇ ಕಂದಕದಲ್ಲಿ ಸಿಕ್ಕಿಬಿದ್ದಿದ್ದಾರೆ. ಒಬ್ಬನ ಬೈಗುಳ ಇನ್ನೊಬ್ಬನಿಗೆ ಅಕ್ಷರಕ್ಷರವೂ ಅರ್ಥವಾಗುತ್ತದೆ. ಬೋಸ್ನಿಯನ್, ಸರ್ಬಿಯನ್, ಕ್ರೊಯೇಷಿಯನ್ ಎಂದು ಹೆಸರು ಬೇರೆಯಾದರೂ ಕಿವಿಗೆ ಅವು ಅಷ್ಟು ಹತ್ತಿರ. ನನಗೆ ಆ ಭಾಷೆಯ ಹುಚ್ಚು ಹಿಡಿದದ್ದು ಆಗ.

‘ಸಿನಿಮಾ ನೋಡ್ತಾ ಇರು, ಭಾಷೆ ತಾನಾಗೇ ಬರುತ್ತೆ’ ಎನ್ನುವ ಮಾತು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಸಿನಿಮಾ ನೋಡಿಯೇ ತಮಿಳು, ತೆಲುಗು ಕಲಿತ ಬೆಂಗಳೂರಿನವರನ್ನು ಇದಕ್ಕೆ ಸಾಕ್ಷಿ ತೋರಿಸುತ್ತಾರೆ. ಆ ಭಾಷೆಗಳು ಕನ್ನಡದ ಒಡಹುಟ್ಟುಗಳು. ಪಕ್ಕದ ಮನೆಯಲ್ಲೂ ತರಕಾರಿ ಗಾಡಿಯ ಹತ್ತಿರವೂ ಅವೇ ಕಿವಿಗೆ ಬೀಳುತ್ತಿರುತ್ತವೆ. ಅರ್ಧ ಕೆಲಸ ಅಲ್ಲೇ ಆಗಿರುತ್ತದೆ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಜೊತೆಗಾರರು ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸಿದವರ ಬಾಯಿಂದ ಕೇಳಿದ ಕೂಸುಗಳು ಚೀನಿ ಧ್ವನಿಗಳನ್ನು ಗುರುತಿಸಲು ಕಲಿತವು. ಅದನ್ನೇ ಟಿವಿಯಲ್ಲಿ ನೋಡಿದವು ಏನೂ ಕಲಿಯಲಿಲ್ಲ. ದೊಡ್ಡವರಿಗೆ ಒಂದು ಅನುಕೂಲವಿದೆ, ಓದಲು ಬರುತ್ತದೆ. ಸಿನಿಮಾದಿಂದ ಕಿವಿ ಪಳಗುವುದಾದರೆ ಆ ಬಾಗಿಲಿನಿಂದಲೇ.

ಮೊದಲು ಕಷ್ಟ ಎಲ್ಲಿದೆ ನೋಡೋಣ. ಪುಸ್ತಕದಲ್ಲಿ ಪದಗಳ ನಡುವೆ ಬಿಳಿ ಜಾಗ ಇರುತ್ತದೆ, ಮಾತಿನಲ್ಲಿ ಇರುವುದಿಲ್ಲ. ಮಾತು ಪೋಣಿಸಿದ ಮಣಿಗಳಲ್ಲ, ಸೇವಿಗೆ ಒರಳಿನಿಂದ ಎಡೆಬಿಡದೆ ಇಳಿಯುವ ಎಳೆ. ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸುವುದು ಕೇಳುವವರ ಮಿದುಳು. 1996ರಲ್ಲಿ ಜೆನ್ನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್, ಎಲಿಸ್ಸಾ ನ್ಯೂಪೋರ್ಟ್ ಎಂಟು ತಿಂಗಳ ಕೂಸುಗಳಿಗೆ ‘ಬಿಡಾಕು’, ‘ಗೋಲಾಬು’ ಥರದ ಅರ್ಥವಿಲ್ಲದ ಪದಗಳನ್ನು ಒಂದಕ್ಕೊಂದು ಅಂಟಿಸಿ ಬರೀ ಎರಡು ನಿಮಿಷ ಕೇಳಿಸಿದರು. ಯಾವ ಉಚ್ಚಾರದ ಹಿಂದೆ ಯಾವುದು ತಪ್ಪದೆ ಬರುತ್ತದೆ ಎಂಬ ಲೆಕ್ಕದಿಂದಲೇ ಕೂಸುಗಳು ಪದದ ಗಡಿ ಹಿಡಿದವು! ಸಂತೆಯಲ್ಲಿ ಯಾವಾಗಲೂ ಜೊತೆಯಾಗಿ ಓಡಾಡುವ ಇಬ್ಬರನ್ನು ಒಂದೇ ಮನೆಯವರೆಂದು ಊಹಿಸುತ್ತೇವಲ್ಲ, ಹಾಗೆ.

ಬೋಸ್ನಿಯನ್ ಈ ಕತ್ತರಿಗೆ ಚೆನ್ನಾಗಿ ಕೆಲಸ ಕೊಡುತ್ತದೆ. ‘ದಾವೊ ಸಾಮ್ ಮು ಗಾ’ ಎಂದರೆ ‘ಅದನ್ನು ಅವನಿಗೆ ಕೊಟ್ಟೆ’. ಬರೆದಾಗ ನಾಲ್ಕು ಪದ, ಕಿವಿಗೆ ‘ದಾವೊಸಾಮುಗಾ’ ಎಂಬ ಒಂದೇ ಮುದ್ದೆ. ನಮ್ಮ ‘ಕೊಟ್ಟುಬಿಟ್ಟಿದ್ದಾನಂತೆ’ ಹೊರಗಿನವರಿಗೆ ಕೇಳುವುದೂ ಹೀಗೆಯೇ. ಸಾಲದ್ದಕ್ಕೆ ಬೋಸ್ನಿಯಾದ ರಾಜಧಾನಿ ಸರಾಯೆವೊದ ಆಡುಮಾತು ನಡುವಿನ ‘ಇ’ ಸ್ವರವನ್ನು ನುಂಗುತ್ತದೆ. ‘ಕೊಲಿಕೊ’ (ಎಷ್ಟು) ಹೋಗಿ ‘ಕೊಲ್ಕೊ’, ‘ರಾದಿಲಾ’ (ಕೆಲಸ ಮಾಡಿದಳು) ಹೋಗಿ ‘ರಾದ್ಲಾ’. ‘ಬರುತ್ತೇನೆ’ ಎಂದು ಪುಸ್ತಕದಲ್ಲಿ ಕಲಿತವನ ಎದುರು ನಾವು ‘ಬರ್ತೀನಿ’ ಎಂದಾಗ ಅವನು ತಬ್ಬಿಬ್ಬಾಗುವುದನ್ನು ನೋಡಿದ್ದೀರಲ್ಲ?

ಇನ್ನು ಸಬ್‌ಟೈಟಲ್ ವಿಚಾರ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. 2009ರಲ್ಲಿ ಹೋಲ್ಗರ್ ಮಿಟರರ್ ಮತ್ತು ಜೇಮ್ಸ್ ಮೆಕ್‌ಕ್ವೀನ್ ಇಂಗ್ಲಿಷ್ ಬಲ್ಲ ಡಚ್ಚರಿಗೆ ಸ್ಕಾಟ್ಲೆಂಡ್, ಆಸ್ಟ್ರೇಲಿಯಾ ಉಚ್ಚಾರಣೆಯ ಚಿತ್ರಗಳನ್ನು ತೋರಿಸಿದರು. ಕೆಲವರಿಗೆ ಇಂಗ್ಲಿಷ್ ಸಬ್‌ಟೈಟಲ್, ಕೆಲವರಿಗೆ ಡಚ್, ಕೆಲವರಿಗೆ ಏನೂ ಇಲ್ಲ. ಆಮೇಲೆ ಅದೇ ಉಚ್ಚಾರಣೆಯ ಹೊಸ ಮಾತುಗಳನ್ನು ಕೇಳಿಸಿ, ಕೇಳಿದ್ದನ್ನು ಹೇಳಲು ಹೇಳಿದರು. ಇಂಗ್ಲಿಷ್ ಓದಿದವರು ಮುಂದಿದ್ದರು. ಡಚ್ ಓದಿದವರು ಏನೂ ಓದದವರಿಗಿಂತಲೂ ಹಿಂದೆ ಬಿದ್ದರು. ಕಾರಣ ಸರಳ. ಕಿವಿಗೆ ಬಿದ್ದ ಸದ್ದು ಯಾವ ಪದದ್ದು ಎಂದು ಕಣ್ಣು ಅದೇ ಕ್ಷಣ ಹೇಳಿಕೊಟ್ಟರೆ, ‘ಓಹೋ, ಇವರ ಬಾಯಲ್ಲಿ ಈ ಅಕ್ಷರ ಹೀಗೆ’ ಎಂದು ಮಿದುಳು ತನ್ನ ಅಳತೆ ಸರಿಪಡಿಸಿಕೊಳ್ಳುತ್ತದೆ. ಹಾಡುವ ಮುಂಚೆ ತಂಬೂರಿ ಶ್ರುತಿ ಮಾಡಿಕೊಂಡ ಹಾಗೆ. ಸ್ವಂತ ಭಾಷೆಯಲ್ಲಿ ಅರ್ಥ ಸಿಕ್ಕಿಬಿಟ್ಟರೆ ಆ ಕೆಲಸ ನಿಂತುಹೋಗುತ್ತದೆ; ಕತೆ ತಿಳಿಯುತ್ತದೆ, ಕಿವಿ ಮೊದಲಿದ್ದಲ್ಲೇ ಉಳಿಯುತ್ತದೆ.

ಆದ್ದರಿಂದ ಬೋಸ್ನಿಯನ್ ಚಿತ್ರಕ್ಕೆ ಬೋಸ್ನಿಯನ್ ಸಬ್‌ಟೈಟಲ್ಲೇ ಬೇಕು. ಇಲ್ಲಿ ಆ ಭಾಷೆ ನಮಗೆ ದೊಡ್ಡ ಉಪಕಾರ ಮಾಡಿದೆ. ‘ಆಡಿದಂತೆ ಬರೆ, ಬರೆದಂತೆ ಓದು’ ಎಂಬುದು ಹತ್ತೊಂಬತ್ತನೇ ಶತಮಾನದಲ್ಲಿ ಸರ್ಬ್ ಭಾಷಾ ಸುಧಾರಕ ವೂಕ್ ಕರಾಜಿಚ್ ಆ ನಾಡುಗಳಲ್ಲಿ ನೆಲೆಗೊಳಿಸಿದ ನಿಯಮ. ಮೂವತ್ತು ಅಕ್ಷರ, ಒಂದೊಂದಕ್ಕೂ ಒಂದೇ ಧ್ವನಿ. ಅಲ್ಲಿನವರಿಗೆ ಭಾಷೆಯನ್ನು ಕಿವಿಯಿಂದ ಕಲಿಯುವ ಆಸೆ ಅದಕ್ಕೂ ಹಳೆಯದು. 1631ರಲ್ಲೇ ಮುಹಮದ್ ಹೆವಾಯಿ ಉಸ್ಕೂಫಿ ಬೋಸ್ನಿಯನ್–ತುರ್ಕಿ ನಿಘಂಟೊಂದನ್ನು ಪದ್ಯದಲ್ಲಿ ಬರೆದ, ಅದೂ ಅರಬ್ಬಿ ಲಿಪಿಯಲ್ಲಿ. ನಮ್ಮಲ್ಲಿ ಮಕ್ಕಳಿಗೆ ಅಮರಕೋಶ ಬಾಯಿಪಾಠ ಮಾಡಿಸುತ್ತಿದ್ದುದು ನೆನಪಾಗುತ್ತದೆ.

ಕನ್ನಡದ ಕಿವಿಗೆ ಇಲ್ಲಿ ಲಾಭವೂ ಇದೆ, ನಷ್ಟವೂ ಇದೆ. ‘ಗ್ರಾದ್’ ಎಂದರೆ ನಗರ, ‘ಗ್ರದ್’ ಎಂದರೆ ಆಲಿಕಲ್ಲು. ‘ಲುಕ್’ ಈರುಳ್ಳಿ, ‘ಲೂಕ್’ ಬಿಲ್ಲು. ಅವರ ಬರಹದಲ್ಲಿ ಎರಡೂ ಒಂದೇ ಥರ, ಹ್ರಸ್ವ ದೀರ್ಘ ಗುರುತಿಸುವುದಿಲ್ಲ. ಆದರೆ ನರಿ–ನಾರಿ ಎಂದು ಹಾಲು ಕುಡಿಯುವಾಗಲೇ ಕಲಿತವರಿಗೆ ಇದೇನು ಮಹಾ! ‘ಪೃಸ್ತ್’ ಬೆರಳು, ‘ಕೃವ್’ ರಕ್ತ, ‘ಸ್ಮೃತ್’ ಸಾವು. ಪಾಣಿನಿ ಸ್ವರಗಳ ಸಾಲಿನಲ್ಲಿಟ್ಟ ಋಕಾರವನ್ನು ನಾವು ‘ರು’ ಮಾಡಿಕೊಂಡೆವು, ಸರಾಯೆವೊದ ಹಾಲಿನಂಗಡಿಯಲ್ಲಿ ಅದು ಸ್ವರವಾಗಿಯೇ ಉಳಿದಿದೆ. ಆ ‘ಸ್ಮೃತ್’ ನಮ್ಮ ‘ಮೃತ್ಯು’ವಿನ ದಾಯಾದಿ. ಇನ್ನು ನಷ್ಟ. ಹಲ್ಲು, ಕಪ್ಪೆ, ಜೇಬು, ವಿದ್ಯಾರ್ಥಿ, ಈ ನಾಲ್ಕಕ್ಕೂ ಅವರ ಪದಗಳು ನಾಲ್ಕು ಬೇರೆ ಅಕ್ಷರಗಳಿಂದ ಶುರುವಾಗುತ್ತವೆ. ನಮ್ಮ ಕಿವಿ ನಾಲ್ಕನ್ನೂ ‘ಜ’ ಎಂಬ ಒಂದೇ ಡಬ್ಬಿಗೆ ಹಾಕಿಬಿಡುತ್ತದೆ. ಕೊನೆಯ ಎರಡನ್ನು ಬೋಸ್ನಿಯಾದ ಬಹಳ ಜನ ತಾವೇ ಬೆರೆಸುತ್ತಾರೆ, ಅಷ್ಟರಮಟ್ಟಿಗೆ ಸಮಾಧಾನ.

ಜೇಬಿಗೆ ಅವರು ಹೇಳುವುದು ‘ಜೆಪ್’. ಸೋಪಿಗೆ ‘ಸಾಪುನ್’, ತವಕ್ಕೆ ‘ತಾವಾ’, ತವರಕ್ಕೆ ‘ಕಲಾಯ್’. ಒಟ್ಟೊಮನ್ನರ ಕಾಲದಲ್ಲಿ ತುರ್ಕಿಯ ಮೂಲಕ ಅಲ್ಲಿಗೆ ಹೋದವು, ಪಾರಸಿ ಉರ್ದುಗಳ ಮೂಲಕ ಇಲ್ಲಿಗೆ ಬಂದು ಜೇಬು, ಸಾಬೂನು, ಕಲಾಯಿ ಆದವು. ಸದ್ದಿನ ಆ ಪ್ರವಾಹದಲ್ಲಿ ಇಂಥದೊಂದು ಪದ ಸಿಕ್ಕರೆ ಕಾಲೂರಲು ಕಲ್ಲು ಸಿಕ್ಕಂತೆ. ಅದರ ಹಿಂದು ಮುಂದಿನ ಪದಗಳ ಗಡಿಯೂ ತಾನಾಗಿ ಕಾಣುತ್ತದೆ.

ಯುದ್ಧದ ಕೂಗಾಟದಿಂದ ಶುರುಮಾಡಬೇಡಿ. ಯಾಸ್ಮಿಲಾ ಜ್ಬಾನಿಚ್ ಅವರಿಗೆ 2006ರಲ್ಲಿ ಬರ್ಲಿನ್ ಚಿತ್ರೋತ್ಸವದ ‘ಚಿನ್ನದ ಕರಡಿ’ ಪ್ರಶಸ್ತಿ ತಂದುಕೊಟ್ಟ ‘ಗೃಬಾವಿತ್ಸಾ’ದಲ್ಲಿ ತಾಯಿ ಮಗಳು ಮನೆಯೊಳಗೆ ಆಡುವ ಮಾತುಗಳಿವೆ, ಅಂಥವು ಒಳ್ಳೆಯದು. ಹತ್ತು ಸೆಕೆಂಡಿನ ತುಣುಕು ಸಾಕು. ಮೊದಲು ಬರೀ ಕೇಳಿ, ಕೇಳಿಸಿದ್ದನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ಆಮೇಲೆ ಸಬ್‌ಟೈಟಲ್ ಹಾಕಿ ಹೋಲಿಸಿ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಜೇಸಿಷ್ಟಾಯಿಮಾ’ ಎಂದಿದೆ. ಪರದೆಯಲ್ಲಿ ಇದ್ದದ್ದು ‘ಗ್ದ್ಯೆ ಸಿ, ಷ್ಟಾ ಇಮಾ’, ಅಂದರೆ ‘ಎಲ್ಲಿದ್ದೀಯಪ್ಪಾ, ಏನ್ ಸಮಾಚಾರ’. ಆರು ಸಲ ಹಿಂದಕ್ಕೆ ಹಾಕಿ ಕೇಳಿದೆ. ಏಳನೆಯ ಸಲ ಮುದ್ದೆ ಒಡೆದು ನಾಲ್ಕಾಯಿತು. ಮಾರನೆಯ ವಾರ ಬೇರೊಂದು ಚಿತ್ರದಲ್ಲಿ ಯಾರೋ ಹೊಸಿಲು ದಾಟುತ್ತ ಅದನ್ನೇ ಅಂದ. ಒಳಗಿಂದ ‘ಎವೊ, ನಿಷ್ಟಾ’ ಎಂದು ಉತ್ತರ ಬಂತು. ಇಗೋ, ಏನಿಲ್ಲ.