ಕೆಟ್ಟ ಹಾರ್ಡ್ ಡಿಸ್ಕ್: ಮೊದಲು ಕಾಪಿ, ಆಮೇಲೆ ರಿಪೇರಿ

ಹಳೇ ಲ್ಯಾಪ್‌ಟಾಪ್ ಹಿಡಿದು ಬರುವವರು ಸಾಮಾನ್ಯವಾಗಿ ಹೇಳುವುದು, ‘ಆನ್ ಆಗ್ತಿಲ್ಲ, ವಿಂಡೋಸ್ ಹಾಕ್ಕೊಡಿ’ ಅಂತ. ನಾನು ಕೇಳುವುದು, ‘ಒಳಗಿರೋ ಫೋಟೋ, ಫೈಲುಗಳ ಇನ್ನೊಂದು ಕಾಪಿ ಎಲ್ಲಾದ್ರೂ ಇದೆಯಾ?’ ಇಲ್ಲ ಅಂದರೆ ವಿಂಡೋಸ್ ವಿಷಯ ಪಕ್ಕಕ್ಕಿಡಬೇಕು. ಕೆಡುತ್ತಿರುವ ಡಿಸ್ಕ್ ಇನ್ನೆಷ್ಟು ಹೊತ್ತು ಓಡುತ್ತದೋ ಯಾರೂ ಹೇಳಲಾರರು. ಉಳಿದ ಹೊತ್ತೆಲ್ಲ ಕಾಪಿ ಮಾಡುವುದಕ್ಕೇ ಹೋಗಬೇಕು.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ಹೆಡ್ ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ತಾಗಿದರೆ ಮೇಲಿನ ಪದರ ಕೆರೆದುಹೋಗುತ್ತದೆ. ಅಲ್ಲಿದ್ದ ಡೇಟಾವನ್ನು ಯಾವ ಸಾಫ್ಟ್‌ವೇರೂ ತರಲಾರದು. ಹಾಗಾಗಿ ಟಕ್ ಟಕ್ ಅಂತ ಒಂದೇ ಸಮನೆ ಬಡಿದುಕೊಳ್ಳುವ, ಕರಕರ ಅನ್ನುವ ಡಿಸ್ಕನ್ನು ತಕ್ಷಣ ಆಫ್ ಮಾಡಿ. ‘ಇನ್ನೊಂದ್ಸಲ ನೋಡೋಣ’ ಅಂತ ಆನ್ ಮಾಡಬೇಡಿ. ಡೇಟಾ ಬೇಕೇ ಬೇಕು ಅಂದರೆ ಅದು ಧೂಳಿಲ್ಲದ ಕೋಣೆ ಇರುವ ಲ್ಯಾಬಿನ ಕೆಲಸ. ಮುಚ್ಚಳ ಬಿಚ್ಚಬೇಡಿ. ಫ್ರೀಜರಿನಲ್ಲಿ ಇಡುವ ಹಳೇ ಸಲಹೆಯೂ ಬೇಡ, ಹೊರಗೆ ತೆಗೆದಾಗ ಒಳಗೆ ತೇವ ಕೂರುತ್ತದೆ. ಅದೇ ಮಾಡೆಲಿನ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಹಾಕಿದರೂ ಎಷ್ಟೋ ಸಲ ನಡೆಯುವುದಿಲ್ಲ. ಆಯಾ ಡಿಸ್ಕಿನ ಅಳತೆಗಳು ಅದರದೇ ಬೋರ್ಡಿನ ಚಿಪ್‌ನಲ್ಲಿರುತ್ತವೆ.

ಶಬ್ದವಿಲ್ಲ, ಬರೀ ನಿಧಾನ, ನಡುನಡುವೆ ನಿಂತುಹೋಗುತ್ತದೆ ಅಂದರೆ ನಮ್ಮ ಕೈಯಲ್ಲಿ ಆಗುವುದು ಬಹಳ ಇದೆ. ಇಲ್ಲಿ ಅವಸರವೇ ಶತ್ರು. ‘ಫಾರ್ಮ್ಯಾಟ್ ಮಾಡಲೇ?’ ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಡಿಸ್ಕಿನ ದೋಷ ಸರಿಪಡಿಸಲು ವಿಂಡೋಸಿನಲ್ಲೇ ಇರುವ ಚೆಕ್ ಡಿಸ್ಕ್ ಕೂಡ ಓಡಿಸಬೇಡಿ. ಅದು ಫೈಲ್ ಸಿಸ್ಟಮ್ಮಿನ ಲೆಕ್ಕ ಸರಿಮಾಡುತ್ತದೆಯೇ ಹೊರತು ನಿಮ್ಮ ಫೈಲು ಉಳಿಸುವ ಕೆಲಸ ಅದರದಲ್ಲ. ಸರಿಮಾಡುವ ಭರದಲ್ಲಿ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ ಕೂಡ.

ನಾನು ಮಾಡುವುದು ಹೀಗೆ. ಪೆನ್‌ಡ್ರೈವಿನಿಂದ ಲಿನಕ್ಸ್ (ವಿಂಡೋಸಿನ ಬದಲು ಬಳಸುವ ಇನ್ನೊಂದು ಸಿಸ್ಟಮ್) ಬೂಟ್ ಮಾಡಿ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಓಡಿಸುತ್ತೇನೆ. ಇದು ಸಲೀಸಾಗಿ ಓದಲು ಬರುವ ಜಾಗಗಳನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ತೊಂದರೆ ಕೊಡುವ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ, ಅಲ್ಲಿಗೆ ಕೊನೆಗೆ ವಾಪಸ್ ಬರುತ್ತದೆ. ಎಲ್ಲಿಯವರೆಗೆ ಆಯಿತು ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಮಧ್ಯೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಮಾಮೂಲಿ ಕಾಪಿ ಹಾಗಲ್ಲ, ಒಂದು ಕೆಟ್ಟ ಜಾಗಕ್ಕೇ ಜೋತುಬಿದ್ದು ಡಿಸ್ಕನ್ನು ದಣಿಸುತ್ತದೆ.

ಕಾಪಿ ಹೋಗುವ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಲಿ. ಇಡೀ ಡಿಸ್ಕನ್ನು ಒಂದೇ ಇಮೇಜ್ ಫೈಲಾಗಿ ಉಳಿಸುವುದಾದರೆ ಕಾಪಿ ಹೋಗುವ ಡಿಸ್ಕಿನ ಫಾರ್ಮ್ಯಾಟ್ ಎಫ್‌ಎಟಿ32 ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಇನ್ನೊಂದು ಮಾತು, ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ಸೀರಿಯಲ್ ನಂಬರ್ ನೋಡಿಯೇ ಖಚಿತ ಮಾಡಿಕೊಳ್ಳಿ. ಅದಲು ಬದಲಾದರೆ ಇದ್ದ ಡೇಟಾ ಅಳಿಸಿಯೇ ಹೋಗುತ್ತದೆ.

ಆಮೇಲೆ ಹುಡುಕಾಟವೆಲ್ಲ ಕಾಪಿಯ ಮೇಲೆ. ಪಾರ್ಟಿಶನ್ (ಸಿ, ಡಿ ಡ್ರೈವಿನಂಥ ಡಿಸ್ಕಿನ ಭಾಗ) ಕಾಣದಿದ್ದರೆ ಅದನ್ನು ಹುಡುಕುವ ಸಾಧನ ಟೆಸ್ಟ್‌ಡಿಸ್ಕ್. ಅದರಿಂದಲೂ ಆಗದಿದ್ದರೆ ಫೋಟೋರೆಕ್. ಇದು ಫೈಲುಗಳ ಒಳಗಿನ ಗುರುತು ನೋಡಿ ಹೊರತೆಗೆಯುತ್ತದೆ, ಆದರೆ ಹೆಸರು, ಫೋಲ್ಡರ್ ಎಲ್ಲ ಹೋಗಿರುತ್ತವೆ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಹಾಕಿದ್ದ ಡಿಸ್ಕಾದರೆ 48 ಅಂಕೆಗಳ ರಿಕವರಿ ಕೀ ಬೇಕಾಗಬಹುದು, ಮೊದಲೇ ಹುಡುಕಿಟ್ಟುಕೊಳ್ಳಿ. ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳಿದ್ದರೆ ಆ ಫಾಂಟುಗಳನ್ನೂ ಮರೆಯದೆ ತೆಗೆದುಕೊಳ್ಳಿ. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಫೈಲ್ ತೆರೆದರೆ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ.

ಹೊಸ ಡಿಸ್ಕ್ ಹಾಕುವುದು ಇಷ್ಟು ಕಷ್ಟವಲ್ಲ. ಹಳೆಯದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕನೆಕ್ಟರ್ ಸಾಟಾ ಬಗೆಯದಾ ನೋಡಿ. ಎರಡು ಸಾಲು ಪಿನ್ನುಗಳಿದ್ದರೆ ಅದು ಐಡಿಇ ಎಂಬ ಹಳೇ ಬಗೆ, ಮಾಮೂಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್) ಕೂರುವುದಿಲ್ಲ. ಸಾಟಾ ಆದರೆ 2.5 ಇಂಚಿನ ಎಸ್‌ಎಸ್‌ಡಿ ಸಾಕು. ಲ್ಯಾಪ್‌ಟಾಪಿನ ಸಾಟಾ ಹಳೆಯ ತಲೆಮಾರಿನದಾದರೂ ಸಾಮಾನ್ಯವಾಗಿ ನಡೆಯುತ್ತದೆ, ವೇಗ ಆ ಮಿತಿಗೆ ಇಳಿಯುತ್ತದೆ ಅಷ್ಟೇ. ಹೆಡ್ ಓಡಾಡುವ ಕೆಲಸವೇ ಇಲ್ಲದ್ದರಿಂದ ಆಗಲೂ ಲ್ಯಾಪ್‌ಟಾಪ್ ಚುರುಕಾಗುತ್ತದೆ. ಹಳೆಯದು 9.5 ಮಿಲಿಮೀಟರ್ ದಪ್ಪ, ಹೊಸದು 7 ಇದ್ದರೆ ನಡುವೆ ತೆಳು ಚೌಕಟ್ಟು ಕೊಡಿ, ಅಲ್ಲಾಡಬಾರದು. ಬಿಚ್ಚುವ ಮೊದಲು ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆಯಿರಿ.

ಕೆಟ್ಟ ಡಿಸ್ಕಿನ ಸಿಸ್ಟಮ್ಮನ್ನೇ ಹೊಸದಕ್ಕೆ ತುಂಬುವುದು ನನಗೆ ಒಪ್ಪಿಗೆಯಿಲ್ಲ. ಓದಲಾಗದ ಜಾಗಗಳಲ್ಲಿ ಯಾವ ಸಿಸ್ಟಮ್ ಫೈಲ್ ಇತ್ತೋ ಗೊತ್ತಾಗುವುದಿಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿ, ಉಳಿಸಿಕೊಂಡ ಫೈಲುಗಳನ್ನು ಹಾಕಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೇ ಲ್ಯಾಪ್‌ಟಾಪಿಗೆ ಹಗುರವಾದ ಲಿನಕ್ಸ್ ಚೆನ್ನಾಗಿ ಹೊಂದುತ್ತದೆ. ಫೋಟೋ, ವಿಡಿಯೋ, ದಾಖಲೆಗಳನ್ನು ಒಂದೊಂದಾಗಿ ತೆರೆದು ನೋಡಿ. ಹೆಸರು ಸರಿಯಿದ್ದು ಒಳಗೆ ಖಾಲಿ ಇರುವ ಫೈಲುಗಳೂ ಬರುತ್ತವೆ. ಈ ಪರಿಶೀಲನೆ ಮುಗಿಯುವವರೆಗೆ ಹಳೇ ಡಿಸ್ಕನ್ನು ಹಾಗೇ ಎತ್ತಿಡಿ, ಫಾರ್ಮ್ಯಾಟ್ ಮಾಡಬೇಡಿ.